ಹ್ಯಾಂಡೆಲ್ ಪ್ರತಿಮೆಗಳು

ಜರ್ಮನಿಯ ಹಾಲೆಯಲ್ಲಿ 1685ರಲ್ಲಿ ಹುಟ್ಟಿ, 1727ರಲ್ಲಿ ಬ್ರಿಟಿಷ್ ಪೌರತ್ವ ಪಡೆದ ಸಂಗೀತ ರಚನಕಾರ ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್‌ನ ಶಿಲ್ಪಗಳಲ್ಲಿ ಹೆಚ್ಚು ಹೆಸರಾದವು ಲೂಯಿ ಫ್ರಾನ್ಸ್ವಾ ರೂಬಿಯಾಕ್ ಎಂಬ ಒಬ್ಬನೇ ಶಿಲ್ಪಿಯವು. ಅವುಗಳಲ್ಲಿ ಮೊದಲನೆಯದೂ ಮುಖ್ಯವಾದದ್ದೂ 1738ರ ಅಮೃತಶಿಲೆಯ ಪ್ರತಿಮೆ. ಅದೀಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಈ ಪ್ರತಿಮೆಯನ್ನು ಮಾಡಿಸಿದ್ದು ಅರಸನಲ್ಲ, ಚರ್ಚೂ ಅಲ್ಲ. ಟಿಕೆಟ್ ಮಾರಿ ಬದುಕುತ್ತಿದ್ದ ಒಬ್ಬ ಉದ್ಯಮಿ. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿದ್ದ ವಾಕ್ಸ್‌ಹಾಲ್ ಉದ್ಯಾನವನ್ನು 1729ರಲ್ಲಿ ಗುತ್ತಿಗೆಗೆ ಹಿಡಿದ ಜೊನಾಥನ್ ಟೈಯರ್ಸ್, ಅದನ್ನು ಸಂಜೆಯ ವಿಹಾರಕ್ಕೆ ತಕ್ಕ ತಾಣವಾಗಿ ಬೆಳೆಸಿದ. ಒಂದು ಶಿಲ್ಲಿಂಗ್ ಕೊಟ್ಟವರು ಮರಗಳ ಸಾಲಿನ ನಡುವೆ ಅಡ್ಡಾಡಬಹುದಿತ್ತು, ಊಟ ಮಾಡಬಹುದಿತ್ತು, ವಾದ್ಯವೃಂದ ನುಡಿಸುವುದನ್ನು ಕೇಳಬಹುದಿತ್ತು. ಅಲ್ಲಿ ನುಡಿಯುತ್ತಿದ್ದುದರಲ್ಲಿ ಹ್ಯಾಂಡೆಲ್‌ನ ಕೃತಿಗಳಿಗೆ ದೊಡ್ಡ ಪಾಲು. ಜನ ಮೆಚ್ಚಿದ ಸಂಗೀತಗಾರನನ್ನು ಆ ಉದ್ಯಾನದಲ್ಲೇ ಕಲ್ಲಿನಲ್ಲಿ ನಿಲ್ಲಿಸುವುದು ಗೌರವವೂ ಹೌದು, ವ್ಯಾಪಾರವೂ ಹೌದು. ಟೈಯರ್ಸ್‌ಗೆ ಎರಡರಲ್ಲಿ ಯಾವುದು ಮೊದಲಾಗಿತ್ತೆಂದು ಬೇರ್ಪಡಿಸಿ ನೋಡುವ ಅಗತ್ಯವಿಲ್ಲ. ಹ್ಯಾಂಡೆಲ್‌ಗೆ ಆ ಹೊತ್ತು ಕಷ್ಟದ್ದೇ ಆಗಿತ್ತು. 1737ರಲ್ಲಿ ಅವನ ಆರೋಗ್ಯ ಕುಸಿದಿತ್ತು, ಇಟಾಲಿಯನ್ ಆಪೆರಾ ಉದ್ಯಮ ನಷ್ಟದಲ್ಲಿತ್ತು. ಅವನಿಗೆ ಲೋಕಪ್ರಸಿದ್ಧಿ ತಂದ 'ಮೆಸ್ಸಾಯ' ಎಂಬ ಒರಟೋರಿಯೊ (ಧಾರ್ಮಿಕ ಗಾನಕೃತಿ) ಇನ್ನೂ ಹುಟ್ಟಿರಲಿಲ್ಲ. ಅದರ ಮೊದಲ ಪ್ರದರ್ಶನ ಡಬ್ಲಿನ್‌ನಲ್ಲಿ ನಡೆದದ್ದು 1742ರಲ್ಲಿ.

ಶಿಲ್ಪಿಯೂ ಆಗಿನ್ನೂ ಹೆಸರು ಮಾಡಿದವನಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ 1702ರಲ್ಲಿ ಹುಟ್ಟಿದ ರೂಬಿಯಾಕ್ 1730ರ ಸುಮಾರಿಗೆ ಇಂಗ್ಲೆಂಡಿಗೆ ಬಂದಿದ್ದ. ಸ್ವತಂತ್ರವಾಗಿ ಮಾಡಿದ ಮೊದಲ ದೊಡ್ಡ ಕೆಲಸದಲ್ಲೇ ಅವನು ರೂಢಿಯನ್ನು ಮುರಿದ. ಕುಳಿತ ಹ್ಯಾಂಡೆಲ್ ಗ್ರೀಕ್ ಪುರಾಣದ ಅಪೊಲೊ ಅಥವಾ ಆರ್ಫಿಯಸ್‌ನಂತೆ ಲೈರ್ ಎಂಬ ತಂತಿವಾದ್ಯವನ್ನು ಮೀಟುತ್ತಿದ್ದಾನೆ. ಕಾಲ ಬಳಿಯ ಪುಟ್ಟ ಬಾಲಕ ಆ ಸ್ವರಗಳನ್ನು ಬರೆದುಕೊಳ್ಳುತ್ತಿದ್ದಾನೆ. ಇಲ್ಲಿಯವರೆಗೆ ಎಲ್ಲವೂ ಪುರಾಣವೇ. ಉಡುಪು ಮಾತ್ರ ಮನೆಯದು. ತಲೆಯ ಮೇಲೆ ವಿಗ್ಗಿಲ್ಲ, ಮೆತ್ತನೆಯ ಟೋಪಿಯಿದೆ. ಮೈಮೇಲೆ ಸಡಿಲ ನಿಲುವಂಗಿ. ಕಾಲಿಗೆ ಮನೆಯೊಳಗೆ ಮೆಟ್ಟುವ ಚಪ್ಪಲಿ, ಅದರಲ್ಲೂ ಒಂದು ಪಾದದಿಂದ ಕಳಚಿಕೊಂಡಿದೆ. ಮೊಣಕೈ ಊರಿರುವುದು ಅವನದೇ ಕೃತಿಗಳ ಸಂಪುಟಗಳ ಮೇಲೆ. ದೇವತೆಯ ವಾದ್ಯ ಹಿಡಿದವನು ಬೆಳಗಿನ ಹೊತ್ತು ಮನೆಯ ಕೋಣೆಯಲ್ಲಿ ಕೂತ ಗೃಹಸ್ಥನಂತೆ ಕಾಣುವ ಈ ಬೆರಕೆಯೇ ಪ್ರತಿಮೆಯ ಜೀವ. ಅಮೃತಶಿಲೆಯಲ್ಲಿ ಬಟ್ಟೆಯ ಸುಕ್ಕು, ಬೆರಳಿನ ತಿರುವು, ದಪ್ಪ ಮೈಯ ಆರಾಮ ಎಲ್ಲವನ್ನೂ ರೂಬಿಯಾಕ್ ಸಲೀಸಾಗಿ ಹಿಡಿದಿದ್ದಾನೆ.

ಸಾರ್ವಜನಿಕ ಜಾಗದಲ್ಲಿ ಆಳೆತ್ತರದ ಪ್ರತಿಮೆ ಅಲ್ಲಿಯವರೆಗೆ ರಾಜರಿಗೆ, ಸೇನಾನಿಗಳಿಗೆ, ಶ್ರೀಮಂತ ಮನೆತನದವರಿಗೆ ಮೀಸಲಾಗಿತ್ತು. ಕವಿ ಕಲಾವಿದರಿಗೆ ಸಿಕ್ಕರೂ ಸತ್ತ ಮೇಲೆ, ಸಮಾಧಿಯ ಬಳಿ. ಬದುಕಿದ್ದ ಸಂಗೀತಗಾರನಿಗೆ ಇಂಥ ಮರ್ಯಾದೆ ಸಂದದ್ದು ಸುದ್ದಿಯಾಯಿತು. ಪತ್ರಿಕೆಗಳು ಅವನನ್ನು ಆರ್ಫಿಯಸ್‌ಗೆ ಹೋಲಿಸಿ ಪದ್ಯಗಳನ್ನು ಅಚ್ಚು ಹಾಕಿದವು. ರೂಬಿಯಾಕ್‌ನ ಏಳಿಗೆಯೂ ಇಲ್ಲಿಂದಲೇ ಶುರುವಾಯಿತು.

ಮರುವರ್ಷ, 1739ರಲ್ಲಿ, ಅವನು ಹ್ಯಾಂಡೆಲ್‌ನ ಎದೆಮಟ್ಟದ ಪ್ರತಿಮೆಯೊಂದನ್ನು ಅಮೃತಶಿಲೆಯಲ್ಲಿ ಕಡೆದ. ಹ್ಯಾಂಡೆಲ್‌ನ ಬರಹಗಾರ ಸಹಾಯಕ ಜಾನ್ ಕ್ರಿಸ್ಟೋಫರ್ ಸ್ಮಿತ್‌ನ ಮೂಲಕ ಅದು ಮೂರನೆಯ ಜಾರ್ಜ್ ದೊರೆಯ ಕೈಸೇರಿ, ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿ ಉಳಿದಿದೆ.

ಹ್ಯಾಂಡೆಲ್ 1759ರ ಏಪ್ರಿಲ್ 14ರಂದು ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ತನ್ನ ಸ್ಮಾರಕಕ್ಕಾಗಿ ಉಯಿಲಿನಲ್ಲಿ 600 ಪೌಂಡಿನವರೆಗೆ ತೆಗೆದಿರಿಸಿದ್ದ. ಆ ಕೆಲಸವೂ ರೂಬಿಯಾಕ್‌ನ ಪಾಲಿಗೇ ಬಂತು. ಇಲ್ಲಿ ಚಪ್ಪಲಿ, ಟೋಪಿಗಳಿಗೆ ಎಡೆಯಿಲ್ಲ. ಹ್ಯಾಂಡೆಲ್ ಎದ್ದು ನಿಂತಿದ್ದಾನೆ, ಮುಂದೆ 'ಮೆಸ್ಸಾಯ'ದ ಒಂದು ಗೀತೆಯ ಸ್ವರಲಿಪಿ ತೆರೆದಿದೆ, ಮೇಲೆ ದೇವದೂತ ಹಾರ್ಪ್ ನುಡಿಸುತ್ತಿದ್ದಾನೆ. ಸ್ಥಳಕ್ಕೆ ತಕ್ಕ ಗಾಂಭೀರ್ಯವಿದ್ದರೂ ವಾಕ್ಸ್‌ಹಾಲ್‌ನ ಸಲುಗೆ ಇದರಲ್ಲಿಲ್ಲ. ಸ್ಮಾರಕದ ಮೇಲೆ ಜನ್ಮವರ್ಷ 1684 ಎಂದಿದೆ: ಇಂಗ್ಲೆಂಡಿನಲ್ಲಿ ಹಿಂದೆ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದರಿಂದ ಫೆಬ್ರವರಿಯಲ್ಲಿ ಹುಟ್ಟಿದವನ ವರ್ಷ ಆ ಲೆಕ್ಕದಲ್ಲಿ ಒಂದು ಹಿಂದೆ ಬೀಳುತ್ತದೆ. ಸ್ಮಾರಕ ಅನಾವರಣಗೊಂಡ 1762ರ ಜುಲೈ ಹೊತ್ತಿಗೆ ಶಿಲ್ಪಿಯೂ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ.

ವಾಕ್ಸ್‌ಹಾಲ್ ಉದ್ಯಾನ 1859ರಲ್ಲಿ ಮುಚ್ಚಿತು. ಪ್ರತಿಮೆ ಅದಕ್ಕೂ ಮೊದಲೇ ಅಲ್ಲಿಂದ ಹೊರಬಿದ್ದು ಕೈಯಿಂದ ಕೈಗೆ ಸಾಗಿತ್ತು. ಹ್ಯಾಂಡೆಲ್‌ನ ಒರಟೋರಿಯೊಗಳನ್ನು ದೊಡ್ಡ ಗಾಯಕವೃಂದಗಳಲ್ಲಿ ಹಾಡಿಸುತ್ತಿದ್ದ ಸೇಕ್ರೆಡ್ ಹಾರ್ಮೋನಿಕ್ ಸೊಸೈಟಿ, ಅವುಗಳ ಅಗ್ಗದ ಮುದ್ರಣಗಳನ್ನು ಮನೆಮನೆಗೆ ತಲುಪಿಸಿದ ನೊವೆಲ್ಲೊ ಪ್ರಕಾಶನ, ಎರಡೂ ಅದರ ಒಡೆತನದ ಸರಪಳಿಯಲ್ಲಿವೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದನ್ನು 1965ರಲ್ಲಿ ಪಡೆಯಿತು. ಕಲ್ಲಿಗೆ ಇಳಿಸುವ ಮುನ್ನ ರೂಬಿಯಾಕ್ ಮಾಡಿದ ಸುಟ್ಟ ಜೇಡಿಮಣ್ಣಿನ ಮಾದರಿ ಕೇಂಬ್ರಿಡ್ಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ.