ಬಾಗಿಲು ಕೇಳುವ ಪ್ರಶ್ನೆ

(ಬಾನುಲಿ ಭಾಷಣ)

ಕೆಲವು ತಿಂಗಳ ಹಿಂದೆ ಮಂಡ್ಯದ ಒಂದು ಕಚೇರಿಗೆ ಹೋಗಬೇಕಾದ ಸಂದರ್ಭ ಒದಗಿತು. ಹೊರಬಾಗಿಲು ಗಾಜಿನದು, ಅದಕ್ಕೆ ಚಿಲಕವೂ ಇಲ್ಲ, ಬೀಗವೂ ಇಲ್ಲ. ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಒಂದು ಕರಿಯ ಪೆಟ್ಟಿಗೆ. ಒಳಗೆ ಕೆಲಸ ಮಾಡುವವರು ಅದರ ಮೇಲೆ ಬೆರಳಿಟ್ಟರೆ ಹಸಿರು ದೀಪ ಹೊತ್ತಿ ಬಾಗಿಲು ಬಿಟ್ಟುಕೊಳ್ಳುತ್ತದೆ. ನನಗಿಂತ ಮೊದಲೇ ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಆ ಕಚೇರಿಯ ಕಸ ಗುಡಿಸಿ ನೆಲ ಒರೆಸುವವರು. ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಮೂರು ಸಲ ಇಟ್ಟರು. ಮೂರು ಸಲವೂ ಕೆಂಪು ದೀಪವೇ ಹೊತ್ತಿತು.

"ಏನಮ್ಮ, ತೆಗೆಯುವುದಿಲ್ಲವೆ?" ಎಂದೆ.

"ಗೆರೆಯೆಲ್ಲ ಸವೆದೋಗವೆ ಸ್ವಾಮಿ. ನಾನೇ ಅಂತ ಅದಕ್ಕೆ ಹೆಂಗೆ ಗೊತ್ತಾದಾತು?" ಎಂದರು.

ಒಳಗಿನಿಂದ ಯಾರೋ ಹೊರಬಂದಾಗ ತೆರೆದ ಬಾಗಿಲಲ್ಲಿ ಆಕೆ ನುಸುಳಿ ಹೋದರು. ಹಾಜರಿ ಬರೆದುಕೊಳ್ಳುವುದೂ ಅದೇ ಪೆಟ್ಟಿಗೆಯಂತೆ. ಆ ದಿನದ ಕೂಲಿಗಾಗಿ ಆಕೆ ಯಾರೊಡನೆ ಎಷ್ಟು ಹೊತ್ತು ವಾದಿಸಬೇಕಾಯಿತೋ ನಾನರಿಯೆ. ಆದರೆ ಆಕೆಯ ಮಾತು ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹಿಡಿದು ಹೋದಾಗ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇನೆ.

ಬಾಗಿಲೆಂಬುದು ಗೋಡೆಯಲ್ಲಿ ಬಿಟ್ಟ ಕಂಡಿ ಮಾತ್ರವಲ್ಲ, ಅದೊಂದು ಪ್ರಶ್ನೆ. "ನೀನು ಯಾರು?" ಎಂದು ಅದು ಕೇಳುತ್ತದೆ. ನಮ್ಮ ದೇವಾಲಯಗಳ ಗರ್ಭಗುಡಿಯ ಮುಂದೆ ನಿಂತ ದ್ವಾರಪಾಲಕರು ಕೇಳುವುದೂ ಇದನ್ನೇ. ಶ್ರೀರಂಗಪಟ್ಟಣದಂತಹ ಕೋಟೆಗಳ ಹೆಬ್ಬಾಗಿಲಲ್ಲಿ ಪಹರೆಯವನು ಕೇಳುತ್ತಿದ್ದುದೂ ಇದನ್ನೇ. ತಾಲ್ಲೂಕು ಖಜಾನೆಗಳ ಭದ್ರವಾದ ಕೊಠಡಿಗೆ ಎರಡು ಬೀಗಗಳನ್ನು ಹಾಕಿ, ಬೀಗದ ಕೈಗಳನ್ನು ಇಬ್ಬರು ಬೇರೆ ಬೇರೆ ಅಧಿಕಾರಿಗಳ ವಶದಲ್ಲಿಡುವ ಪದ್ಧತಿಯುಂಟು. ಒಬ್ಬನನ್ನೇ ನಂಬಬೇಡ, ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ತೆರೆ ಎಂಬುದು ಅದರ ತತ್ತ್ವ. ಇಂದಿನ ಕಂಪ್ಯೂಟರು ಕೊಠಡಿಗಳು ಕಾರ್ಡು ಮತ್ತು ಬೆರಳು ಎರಡನ್ನೂ ಕೇಳುವಾಗ ಆ ಹಳೆಯ ವಿವೇಕವನ್ನೇ ಹೊಸ ಭಾಷೆಯಲ್ಲಿ ಆಡುತ್ತವೆ. ಪ್ರಶ್ನೆ ಹಳೆಯದು, ಕೇಳುವವನು ಮಾತ್ರ ಬದಲಾಗಿದ್ದಾನೆ.

ಹಿಂದೆ ಕೇಳುತ್ತಿದ್ದವನು ಮನುಷ್ಯ. ಅವನಿಗೆ ಮುಖಪರಿಚಯವಿತ್ತು, ಕಷ್ಟ ಹೇಳಿಕೊಂಡರೆ ಕರಗುತ್ತಿದ್ದ. ಹಾಗೆಂದು ಆ ಕಾಲವನ್ನು ಹಾಡಿ ಹೊಗಳುವುದು ಸಲ್ಲದು. ಮುಖ ನೋಡಿ ಒಳಗೆ ಬಿಡುತ್ತಿದ್ದ ಅದೇ ಮನುಷ್ಯ, ಜಾತಿ ನೋಡಿ ಹೊರಗೆ ನಿಲ್ಲಿಸುತ್ತಿದ್ದ. ಗುಡಿಯ ಹೊಸ್ತಿಲಲ್ಲಿ, ಕಾಫಿ ಹೋಟೆಲಿನ ಬಾಗಿಲಲ್ಲಿ, ಊರ ಬಾವಿಯ ಕಟ್ಟೆಯಲ್ಲಿ ಯಾವ ಬೀಗವೂ ಇರಲಿಲ್ಲ. ಆದರೂ ಅವು ಎಷ್ಟೋ ಜನರಿಗೆ ಮುಚ್ಚಿಯೇ ಇದ್ದವು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳಗಳ ಪ್ರವೇಶಕ್ಕೆ ಜಾತಿ, ಮತ, ಲಿಂಗಗಳ ಕಾರಣದಿಂದ ಅಡ್ಡಿ ಮಾಡಕೂಡದೆಂದು ವಿಧಿಸಿತು. ಸಂವಿಧಾನವೊಂದು ಹೋಟೆಲಿನ ಬಾಗಿಲ ಮಾತನ್ನೆತ್ತಬೇಕಾಯಿತೆಂದರೆ ಆ ಬಾಗಿಲಲ್ಲಿ ಎಷ್ಟು ಅವಮಾನ ನಡೆದಿರಬೇಕೆಂಬುದನ್ನು ಊಹಿಸಬಹುದು. ಯಂತ್ರಕ್ಕೆ ಜಾತಿ ತಿಳಿಯದು; ಆ ಮಟ್ಟಿಗೆ ಅದು ನಮ್ಮ ಹಳೆಯ ದ್ವಾರಪಾಲಕನಿಗಿಂತ ಮೇಲೆಂದೇ ಹೇಳಬೇಕು.

ಆ ಯಂತ್ರದ ರಹಸ್ಯ ದೊಡ್ಡದೇನಲ್ಲ. ಬಾಗಿಲ ಚೌಕಟ್ಟಿನಲ್ಲಿ ಒಂದು ವಿದ್ಯುದಯಸ್ಕಾಂತ, ಬಾಗಿಲಿಗೆ ಒಂದು ಕಬ್ಬಿಣದ ಪಟ್ಟಿ. ವಿದ್ಯುತ್ತು ಹರಿಯುವ ತನಕ ಅವೆರಡೂ ಅಪ್ಪಿಕೊಂಡಿರುತ್ತವೆ. ಸಾಮಾನ್ಯ ಗಾತ್ರದ್ದೇ ಸುಮಾರು 270 ಕಿಲೋ ತೂಕದ ಎಳೆತವನ್ನು ತಡೆಯಬಲ್ಲುದು. ಬೆರಳೋ ಕಾರ್ಡೋ ಒಪ್ಪಿಗೆಯಾದರೆ ಕ್ಷಣಕಾಲ ವಿದ್ಯುತ್ತು ಕಡಿದು ಬಾಗಿಲು ಸಡಿಲುತ್ತದೆ. ಹತ್ತಿರ ಹಿಡಿದ ಕಾರ್ಡನ್ನು ರೇಡಿಯೋ ಅಲೆಗಳಿಂದ ಗುರುತಿಸಿ, ಬೀಗದ ಕೈಯಿಲ್ಲದೆ ಬಾಗಿಲು ತೆರೆಯುವ ಉಪಾಯಕ್ಕೆ ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲಿ ಪೇಟೆಂಟು ಪಡೆದ. ವಿದ್ಯುತ್ತು ಹೋದರೆ ಏನಾಗಬೇಕು ಎಂಬುದೂ ಇಲ್ಲಿ ಮುಖ್ಯವಾದ ವಿಚಾರ. ಅಯಸ್ಕಾಂತದ ಬಾಗಿಲು ಆಗ ತಾನಾಗಿ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಒಳಗೆ ಸಿಕ್ಕಿಕೊಳ್ಳಬಾರದಷ್ಟೆ. ವಿದ್ಯುತ್ತು ಹೋದರೂ ಮುಚ್ಚಿಯೇ ಇರುವ ಬೇರೊಂದು ಬಗೆಯ ಬೀಗವೂ ಉಂಟು; ಅದು ಹಣವಿಡುವ ಕೋಣೆಗೆ ತಕ್ಕದ್ದು. ಜನ ಮುಖ್ಯವೋ ವಸ್ತು ಮುಖ್ಯವೋ ಎಂಬುದನ್ನು ಬೀಗ ಕೂರಿಸುವಾಗಲೇ ತೀರ್ಮಾನಿಸಬೇಕಾಗುತ್ತದೆ.

ವಿದ್ಯುತ್ತಿನ ಮಾತು ಬಂದಾಗ ನಮ್ಮ ಜಿಲ್ಲೆಯವರು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನೆನೆಯದೆ ಇರಲಾರರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಯೋಜನೆಯಿಂದ 1902ರಲ್ಲಿ ಕಾವೇರಿಯ ಶಕ್ತಿ ತಂತಿಯ ಮೇಲೆ ಹೊರಟಿತು. ಅದು ಮೊದಲು ಬೆಳಗಿದ್ದು ಮಂಡ್ಯವನ್ನಲ್ಲ, ಮದ್ದೂರನ್ನಲ್ಲ. ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ನಮ್ಮ ನೀರು ದುಡಿದ ಆ ಗಣಿಗಳಲ್ಲಿಯೇ ಬೆರಳಿನ ಪ್ರಶ್ನೆ ಒಂದು ಕಾಲಕ್ಕೆ ದೊಡ್ಡ ಸಂಘರ್ಷವಾಗಿ ಎದ್ದಿತೆಂಬುದು ವಿಚಿತ್ರವಾದರೂ ನಿಜ.

ಬೆರಳಚ್ಚು ಹುಟ್ಟಿದ್ದೂ ನಮ್ಮ ದೇಶದ ಆಡಳಿತದ ಆವರಣದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ಗುತ್ತಿಗೆದಾರನೊಬ್ಬನಿಂದ ಕರಾರು ಪತ್ರದ ಮೇಲೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಅಚ್ಚುಗಳನ್ನು ವರ್ಗೀಕರಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತು. ಅದಕ್ಕಾಗಿ ಲೆಕ್ಕ ಹಾಕಿ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಹೆಸರು ಬಹುಕಾಲ ಮರೆಯಲ್ಲಿತ್ತು. ಆ ಕಚೇರಿ ಇದ್ದದ್ದು ಅಪರಾಧಿಗಳನ್ನು ಗುರುತಿಸಲು. ಹೀಗಾಗಿ ಬೆರಳಚ್ಚು ಕೊಡುವುದೆಂದರೆ ಕಳ್ಳನ ಸಾಲಿನಲ್ಲಿ ನಿಲ್ಲುವುದೆಂಬ ಭಾವನೆ ಜನರಲ್ಲಿ ಬೇರೂರಿತು.

1930ರಲ್ಲಿ ಕೋಲಾರದ ಗಣಿಗಳ ಆಡಳಿತ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಹೊಸ ಕ್ರಮವನ್ನು ತಂದಿತು. ಚಿನ್ನದ ಕಳವಿನ ಭಯ ಅಲ್ಲಿ ಸದಾ ಇದ್ದದ್ದೇ. ಆದರೆ ಕಾರ್ಮಿಕನ ಕಡೆಯಿಂದ ಯೋಚಿಸಿ ನೋಡಿ. ಒಂದು ಗಣಿಯಲ್ಲಿ ಮೇಸ್ತ್ರಿಯ ಕೋಪಕ್ಕೆ ಗುರಿಯಾದವನು ಇನ್ನೊಂದರಲ್ಲಿ ಹೊಸ ಹೆಸರಿನಿಂದ ಬದುಕು ಕಟ್ಟಿಕೊಳ್ಳಬಹುದು. ಹೆಸರನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾದೀತೆ? ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಸುಮಾರು ಮೂರು ವಾರ ಗಣಿಗಳು ಸ್ತಬ್ಧವಾದವು. ಬಹುಪಾಲು ಅಕ್ಷರ ಬಾರದ, ಸಮಾಜದ ಕೆಳಗಿನ ಮೆಟ್ಟಿಲಲ್ಲಿದ್ದ ಆ ಜನ, ತಮ್ಮ ದೇಹದ ಗುರುತು ತಮ್ಮದೆಂದು, ಅದನ್ನು ಕೇಳುವವನು ಕಾರಣ ಹೇಳಬೇಕೆಂದು ಅಂದೇ ತಿಳಿಸಿದರು.

ಎಂಟು ವರ್ಷಗಳ ತರುವಾಯ ಇಂಥದೇ ಮಾತು ನಮ್ಮ ಮದ್ದೂರಿನ ಶಿವಪುರದಲ್ಲಿ ಬೇರೊಂದು ರೂಪದಲ್ಲಿ ಕೇಳಿಬಂತು. ಅಲ್ಲಿ ಇದ್ದದ್ದು ಬರಿಯ ಬಯಲು, ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಸರ್ಕಾರದ ನಿಷೇಧಾಜ್ಞೆ ಕಾಣದ ಬಾಗಿಲೊಂದನ್ನು ಹಾಕಿತ್ತು. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಜನ ಅದನ್ನು ದಾಟಿ ಧ್ವಜವೇರಿಸಿದರು. ಬಾಗಿಲು ಹಾಕುವವನು ಜನಕ್ಕೆ ಉತ್ತರ ಹೇಳಬೇಕಾದವನೆಂಬುದೇ ಅಲ್ಲಿಯೂ ಸಾರವಾಗಿತ್ತು.

ಈಗ ನಾವು ದಿನಕ್ಕೆ ನಾಲ್ಕು ಸಲ ಬೆರಳು ಕೊಡುತ್ತೇವೆ, ಮುಖ ತೋರಿಸುತ್ತೇವೆ. ಕಾರಣ ಕೇಳುವವರು ವಿರಳ. ಕೇಳಿದವರಲ್ಲಿ ಒಬ್ಬರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ, ಇಳಿವಯಸ್ಸಿನಲ್ಲಿ 2012ರಲ್ಲಿ ಅವರು ಹೂಡಿದ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದು ಸಂಸತ್ತು ಕಾಯಿದೆಯನ್ನೂ ಮಾಡಿತು.

ಕಾನೂನು ದೊಡ್ಡದು, ನಿಜ. ಆದರೆ ಆ ಹೆಂಗಸಿನ ಸಮಸ್ಯೆ ಇನ್ನೂ ಸಣ್ಣದು, ಇನ್ನೂ ಹತ್ತಿರದ್ದು. ಕಬ್ಬು ಕಡಿದ ಕೈ, ಪಾತ್ರೆ ತಿಕ್ಕಿದ ಕೈ, ಗಾರೆ ಕಲಸಿದ ಕೈ—ಇವುಗಳ ಗೆರೆ ಸವೆಯುತ್ತದೆ. ಯಂತ್ರ ಅವರನ್ನೇ ಮೊದಲು ಮರೆಯುತ್ತದೆ. ಕಟ್ಟಡವನ್ನು ಕಟ್ಟಿದವರಿಗೆ, ಗುಡಿಸಿದವರಿಗೆ ಬಾಗಿಲು ತೆರೆಯದಿದ್ದರೆ ಆ ಭದ್ರತೆ ಯಾರಿಗಾಗಿ? ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಇರಲಿ. ಬಾಗಿಲು ತೆರೆಯುವ ಅಧಿಕಾರ, ಹಾಜರಿ ಬರೆಯುವ ಪುಸ್ತಕ ಅವನ ಕೈಯಲ್ಲಿರಲಿ. ತೆರೆಯದಿದ್ದರೆ ಏಕೆಂದು ಹೇಳುವ ಹೊಣೆಯೂ ಅವನದಾಗಿರಲಿ. ಆ ತಾಯಿ ಕೇಳಿದ ಪ್ರಶ್ನೆಗೆ ಯಂತ್ರ ಉತ್ತರ ಹೇಳಲಾರದು. ಅದನ್ನು ಅಲ್ಲಿ ಕೂರಿಸಿದ ನಾವು ಹೇಳಬೇಕು.