ಅಪರಾಧಿ ಹುಟ್ಟುತ್ತಾನೆಯೆ?

ಕಳ್ಳತನವಾದಾಗ ‘ಯಾರು ಮಾಡಿದರು?’ ಎಂದು ಪೊಲೀಸರು ಕೇಳುತ್ತಾರೆ. ‘ಏಕೆ ಮಾಡಿದರು?’ ಎಂದು ಕೇಳುವ ಶಾಸ್ತ್ರವೇ ಅಪರಾಧಶಾಸ್ತ್ರ. ಈ ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರವೊಂದು ಕಾನೂನಾಗಿಬಿಟ್ಟರೆ ಏನಾಗುತ್ತದೆ? ವಿಜಯಪುರದ ಇತಿಹಾಸ ಅದನ್ನು ನಮಗೆ ತೋರಿಸಿಕೊಡುತ್ತದೆ.

ಇಟಲಿಯ ಬೆಕಾರಿಯ 1764ರಲ್ಲಿ, ಮನುಷ್ಯ ಲಾಭ ನಷ್ಟಗಳನ್ನು ತೂಗಿ ನೋಡಿಯೇ ತಪ್ಪು ಮಾಡುತ್ತಾನೆ ಎಂದು ವಾದಿಸಿದ್ದ. ಅದೇ ದೇಶದ ವೈದ್ಯ ಲೊಂಬ್ರೋಸೊ 1876ರಲ್ಲಿ ಬೇರೊಂದು ವಾದ ಹೂಡಿದ. ಅಪರಾಧಿ ಹುಟ್ಟಿನಿಂದಲೇ ಅಪರಾಧಿ. ತಲೆಬುರುಡೆ, ದವಡೆಗಳ ಆಕಾರದಿಂದಲೇ ಅವನನ್ನು ಗುರುತಿಸಬಹುದು ಎಂದ.

ಅದೇ 1876ರಲ್ಲಿ ನಮ್ಮಲ್ಲಿ ಭೀಕರ ಬರ ಬಿತ್ತು. ಬಬಲೇಶ್ವರ ಆಗ ಕಲಾದಗಿ ಜಿಲ್ಲೆಯಲ್ಲಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಕುಸಿಯಿತು. ಹಸಿವಿಗೂ ಕಳ್ಳತನಕ್ಕೂ ಇರುವ ನಂಟು ಆಗಲೇ ತಿಳಿದಿತ್ತು. ಜರ್ಮನಿಯ ಗೇಯೋರ್ಗ್ ಫಾನ್ ಮಾಯರ್ 1867ರಲ್ಲಿ ಬವೇರಿಯದ ಅಂಕಿಅಂಶಗಳನ್ನು ಪ್ರಕಟಿಸಿದ್ದ. ರೈ ಧಾನ್ಯದ ಬೆಲೆ ಏರಿದಾಗ ಅಲ್ಲಿ ಕಳ್ಳತನಗಳೂ ಏರಿದ್ದವು.

ಬ್ರಿಟಿಷ್ ಸರ್ಕಾರ ಮಾತ್ರ ಹುಟ್ಟಿನ ವಾದವನ್ನೇ ನೆಚ್ಚಿಕೊಂಡಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬ ನಂಬಿಕೆಯ ಮೇಲೆ 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಬಂತು. 1911ರ ಹೊಸ ಕಾಯಿದೆ ವಿಜಾಪುರ ಸೇರಿದ್ದ ಮುಂಬಯಿ ಪ್ರಾಂತಕ್ಕೂ ಅನ್ವಯವಾಯಿತು. ಸ್ಟಾರ್ಟೆ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ವಿಜಾಪುರದಲ್ಲಿ ‘ಸೆಟ್ಲಮೆಂಟ್’ ನಡೆಯಿತು. ಹೆಸರೇ ಹೇಳುವಂತೆ ಚಪ್ಪರ ಕಟ್ಟುವ ಕಸುಬಿನ ಛಪ್ಪರಬಂದ್ ಜನರನ್ನೂ ಸರ್ಕಾರ ಅಪರಾಧಿಗಳ ಪಟ್ಟಿಗೆ ಸೇರಿಸಿತ್ತು. ಪಟ್ಟಿಯಲ್ಲಿದ್ದವರು ಹಾಜರಿ ಹಾಕಬೇಕಿತ್ತು. ಸೆಟ್ಲಮೆಂಟಿನಿಂದ ಹೊರಹೋಗಲು ಪಾಸು ಬೇಕಿತ್ತು.

ಇಲ್ಲಿನ ವೈಜ್ಞಾನಿಕ ದೋಷವನ್ನು ನೀವು ಗಮನಿಸಿದಿರಾ? ಹಗಲಿರುಳು ಕಾವಲಿಟ್ಟ ಜನರಲ್ಲೇ ಹೆಚ್ಚು ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಪಾಸಿಲ್ಲದೆ ಹೊರಗೆ ಕಾಲಿಟ್ಟರೆ ಅದೂ ಒಂದು ಅಪರಾಧ! ಹೀಗೆ ದಾಖಲೆ ಬೆಳೆದಂತೆಲ್ಲ ‘ಇವರು ಹುಟ್ಟಾ ಕಳ್ಳರು’ ಎಂಬುದಕ್ಕೆ ಪುರಾವೆಯೂ ಬೆಳೆಯಿತು. ಸಿದ್ಧಾಂತ ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಸೃಷ್ಟಿಸಿಕೊಂಡಿತು.

ಇತ್ತ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳನ್ನು ಅಳತೆಮಾಡಿದ. ಲೊಂಬ್ರೋಸೊ ಹೇಳಿದಂಥ ಅಪರಾಧಿ ದೇಹಲಕ್ಷಣವೇ ಇಲ್ಲವೆಂದು 1913ರಲ್ಲಿ ಪ್ರಕಟಿಸಿದ. ಅಪರಾಧವೆಂಬುದು ಒಡನಾಟದಿಂದ ಕಲಿಯುವಂಥದು ಎಂದು ಅಮೆರಿಕದ ಸದರ್ಲೆಂಡ್ 1939ರಲ್ಲಿ ವಿವರಿಸಿದ. ಹಣೆಪಟ್ಟಿ ಹಚ್ಚುವುದರಿಂದಲೇ ಮನುಷ್ಯ ಅಪರಾಧದತ್ತ ತಳ್ಳಲ್ಪಡಬಹುದು ಎಂಬ ವಿಚಾರವನ್ನು ಹೋವರ್ಡ್ ಬೆಕರ್ 1963ರಲ್ಲಿ ಬೆಳೆಸಿದ. ಇವುಗಳಲ್ಲಿ ಯಾವ ಒಂದು ಸಿದ್ಧಾಂತವೂ ಎಲ್ಲ ಅಪರಾಧಗಳನ್ನು ವಿವರಿಸಲಾರದು ಎಂಬುದು ಇಂದಿನ ತಿಳಿವಳಿಕೆ.

1952ರ ಆಗಸ್ಟ್ 31ರಂದು ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಆ ಸಮುದಾಯಗಳು ‘ವಿಮುಕ್ತ’ ಎನಿಸಿಕೊಂಡವು. ಆದರೆ ಹಣೆಪಟ್ಟಿ ಅಷ್ಟು ಬೇಗ ಅಳಿಯುವುದಿಲ್ಲ. ವಿಮುಕ್ತ ಸಮುದಾಯದವರನ್ನು ಹುಟ್ಟಿನ ಆಧಾರದಿಂದ ‘ರೂಢಿಗತ ಅಪರಾಧಿ’ಗಳೆಂದು ಕಾಣುವ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟ್ ತಪ್ಪೆಂದು ಸಾರಿದ್ದು 2024ರ ಅಕ್ಟೋಬರಿನಲ್ಲಿ!

‘ಭೀಮಾ ತೀರದವರು’ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರವನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಡವೆ? ಮುಂದೆ ಯಾರಾದರೂ ‘ಆ ಜನವೇ ಹಾಗೆ’ ಎಂದರೆ ಎರಡು ಪ್ರಶ್ನೆ ಕೇಳಿ: ಎಷ್ಟು ಜನರನ್ನು ನೋಡಿ ಹೇಳುತ್ತಿದ್ದೀರಿ? ಉಳಿದವರನ್ನೂ ಅಷ್ಟೇ ಕಣ್ಣಿಟ್ಟು ನೋಡಿದ್ದೀರಾ?