ತಾತನ ರೇಡಿಯೋಗೆ ಬೆನ್ನು ಯಾಕಿರಲಿಲ್ಲ?

1/7
ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆ ಹಳೇ ಮನೆ ಕೆಡವೋದನ್ನ ನೋಡಿರ್ತೀರ. ಅಟ್ಟದ ಮೇಲಿದ್ದ ವಾಲ್ವ್ ರೇಡಿಯೋ ಸೀದಾ ಗುಜರಿಗೆ. ಇಲ್ಲಾಂದ್ರೆ ಒಳಗಿನದ್ದೆಲ್ಲ ಕಿತ್ತು, ಬಲ್ಬ್ ಹಾಕಿ, ಕೆಫೆ ಗೋಡೆಗೆ. ಅದಕ್ಕೂ ಮುಂಚೆ ಒಂದ್ಸಲ ತಿರುಗಿಸಿ ನೋಡಿ. ಮುಂದೆ ಮರದ ಹಲಗೆ, ಅದಕ್ಕೊಂದು ಸ್ಪೀಕರ್. ಹಿಂದೆ? ತೂತು ತೂತಾಗಿರೋ ರಟ್ಟು, ಅಷ್ಟೇ. ಇವತ್ತು ಎಸ್.ಪಿ. ರೋಡಿಂದ ಸ್ಪೀಕರ್ ತಂದು ಮನೇಲೇ ಮಾಡ್ಕೊಳ್ಳೋ 'ಓಪನ್ ಬ್ಯಾಫಲ್' ಇದರ ಮೊಮ್ಮಗು.

2/7
ಸ್ಪೀಕರಿನ ಕಾಗದದ ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತೆ, ಅದೇ ಕ್ಷಣ ಹಿಂದಿನದು ಸಡಿಲ ಆಗುತ್ತೆ. ನಮ್ಮ ಬಿಕಾಂ ಭಾಷೇಲಿ ಮುಂದೆ ಡೆಬಿಟ್, ಹಿಂದೆ ಅಷ್ಟೇ ಕ್ರೆಡಿಟ್. ಎರಡೂ ಸೇರಿದ್ರೆ ಬ್ಯಾಲೆನ್ಸ್ ಸೊನ್ನೆ! 50 ಹರ್ಟ್ಸ್ ದನಿಯ ಅಲೆ ಸುಮಾರು 7 ಮೀಟರ್ ಉದ್ದ. ಅದು ಸಲೀಸಾಗಿ ಅಂಚು ಬಳಸಿ ಬಂದು ಮುಂದಿನದನ್ನ ನುಂಗುತ್ತೆ. ನಡುವೆ ಅಡ್ಡ ನಿಲ್ಲೋ ಹಲಗೆಯೇ ಬ್ಯಾಫಲ್. ಹಲಗೆ ದೊಡ್ಡದಾದಷ್ಟೂ ಕೆಳಗಿನ ದನಿ ಉಳಿಯುತ್ತೆ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಇವತ್ತಿನ ಮಾದರಿಯ ಕೋನ್ ಸ್ಪೀಕರಿನ ಬಗ್ಗೆ ಪ್ರಬಂಧ ಬರೆದಾಗಲೇ ಈ ಹಲಗೆ ಜೊತೆಗಿತ್ತು.

3/7
ಹತ್ತೇ ವರ್ಷಕ್ಕೆ ನಮ್ಮಲ್ಲೂ ರೇಡಿಯೋ ಬಂತು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ನಿಲಯ ಶುರು ಮಾಡಿದ್ರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್! ಹೆಸರು 'ಆಕಾಶವಾಣಿ'. 1955ರ ನವೆಂಬರ್ 2ಕ್ಕೆ ಬೆಂಗಳೂರು ಆಕಾಶವಾಣಿ ಬಂತು.

4/7
ಸರಿ, ಬೆನ್ನು ಯಾಕೆ ತೆರೆದಿತ್ತು? ಮೊದಲನೇ ಕಾರಣ ಬಿಸಿ: ವಾಲ್ವ್ ಕಾದ ಹೆಂಚಿನ ಥರ, ಗಾಳಿ ಆಡಲೇಬೇಕು. ಎರಡನೇದು, ಕೇಳ್ತಿದ್ದದ್ದು ವಾರ್ತೆ, ನಾಟಕ, ಕಚೇರಿ. ಮನುಷ್ಯನ ದನಿಯ ಬಹುಪಾಲು 100 ಹರ್ಟ್ಸ್‌ಗಿಂತ ಮೇಲೇ ಇರುತ್ತೆ. ಆ ಪೆಟ್ಟಿಗೆ ಅಷ್ಟಕ್ಕೆ ಸಾಕು. ಕೆಲವೇ ವ್ಯಾಟ್‌ನಲ್ಲಿ ಹಾಲ್ ತುಂಬ್ತಿತ್ತು.

5/7
1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೂರ್ತಿ ಮುಚ್ಚಿದ ಚಿಕ್ಕ ಪೆಟ್ಟಿಗೆ ಮಾಡಿದ್ರು. ಒಳಗೆ ಸಿಕ್ಕ ಗಾಳಿಯೇ ಸ್ಪ್ರಿಂಗ್. ಚಿಕ್ಕ ಜಾಗದಲ್ಲಿ ದೊಡ್ಡ ಬೇಸ್, ಆದ್ರೆ ಪವರ್ ಜಾಸ್ತಿ ಬೇಕು. ಟ್ರಾನ್ಸಿಸ್ಟರ್ ಬಂದು ಆ ಪವರ್ ಅಗ್ಗ ಆಯ್ತು. ತೆರೆದ ಬೆನ್ನು ಮೂಲೆಗೆ ಸೇರ್ತು. ದನಿ ಕೆಟ್ಟದು ಅಂತಲ್ಲ, ಜಾಗದ ಲೆಕ್ಕ.

6/7
ಈಗ ಫೋನಲ್ಲೇ ಈಕ್ವಲೈಜರ್ ಇದೆ, ಅದಕ್ಕೇ ಹಲಗೆ ವಾಪಸ್ ಬಂದಿದೆ. ಮಾಡೋದಾದ್ರೆ:
• 18 ಮಿ.ಮೀ. ಪ್ಲೈವುಡ್, 60 ಸೆಂ.ಮೀ. ಅಗಲ. ತೂತು ನಡುಮಧ್ಯ ಬೇಡ, ಒಂದು ಕಡೆ ಸರಿಸಿ. ಇಲ್ಲಾಂದ್ರೆ ನಾಲ್ಕೂ ಅಂಚಿನ ತೊಂದರೆ ಒಂದೇ ಸ್ವರದಲ್ಲಿ ಕೂರುತ್ತೆ.
• ಗೋಡೆಯಿಂದ ಸುಮಾರು 1 ಮೀಟರ್ ದೂರ ನಿಲ್ಲಿಸಿ.
• ಈ ಅಳತೇಲಿ 100 ಹರ್ಟ್ಸ್ ಕೆಳಗೆ ಪ್ರತಿ ಆಕ್ಟೇವ್‌ಗೆ ಸುಮಾರು 6 ಡೆಸಿಬಲ್ ಇಳಿಯುತ್ತೆ. ಬೇಸ್ ಎತ್ತೋಕೆ ಹೋಗ್ಬೇಡಿ, ಮೇಲಿನದನ್ನ ಇಳಿಸಿ. 6 ಡೆಸಿಬಲ್ ಎತ್ತಿದ್ರೆ ಪವರ್ 4 ಪಟ್ಟು, 12 ಎತ್ತಿದ್ರೆ 16 ಪಟ್ಟು. ಜೊತೆಗೆ 100ರಷ್ಟೇ ಜೋರಾಗಿ 50 ಹರ್ಟ್ಸ್ ಕೇಳ್ಬೇಕಂದ್ರೆ ಕೋನ್ 8 ಪಟ್ಟು ಓಡಾಡ್ಬೇಕು! 40ರ ಕೆಳಗೆ ಪೂರ್ತಿ ಕತ್ತರಿಸಿ.
ಈಕ್ವಲೈಜರ್ ಸಾಲ ಕೊಡುತ್ತೆ, ದಾನ ಅಲ್ಲ.

7/7
ಲಾಭ ಏನು? ಪಕ್ಕಕ್ಕೆ ದನಿ ಕಮ್ಮಿ ಹೋಗುತ್ತೆ, ಹಳೇ ಮನೆಗಳ ಉದ್ದುದ್ದ ಹಾಲಿನ ಗೋಡೆಗಳು ಅಷ್ಟು ಗದ್ದಲ ಮಾಡಲ್ಲ. ಹಾಡೋರು ಡಬ್ಬದೊಳಗೆ ಕೂತಂತೆ ಅನಿಸಲ್ಲ. ಪರೀಕ್ಷೆ ಮಾಡ್ಬೇಕಾ? ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸ್ತಿರೋ ರಾಮನವಮಿ ಕಚೇರಿಗೆ ಹೋಗಿ ಮುಂದಿನ ಸಾಲಲ್ಲಿ ಕೂತು ಮೃದಂಗದ ಎಡಗಡೆ ಕೇಳಿ. ಆಮೇಲೆ ನಿಮ್ಮ ಹಲಗೆ ಕೇಳಿ. ಅದು ಎಷ್ಟು ಕೊಡುತ್ತೆ, ಎಷ್ಟು ಕೊಡಲ್ಲ, ಎರಡೂ ಕಿವಿಗೇ ಗೊತ್ತಾಗುತ್ತೆ.

ಮನೇಲಿ ವಾಲ್ವ್ ರೇಡಿಯೋ ಇದ್ರೆ ಕರೆಂಟ್ ಕೊಡ್ಬೇಡಿ, ಒಳಗೆ ಕೈನೂ ಹಾಕ್ಬೇಡಿ. 200 ವೋಲ್ಟ್‌ಗಿಂತ ಹೆಚ್ಚಿರುತ್ತೆ, ರಿಪೇರಿ ಗೊತ್ತಿರೋರಿಗೆ ತೋರಿಸಿ. ಗುಜರಿಗೆ ಮಾತ್ರ ಹಾಕ್ಬೇಡಿ. ತೂಕದ ಲೆಕ್ಕದಲ್ಲಿ ಅದಕ್ಕೆ ಸಿಗೋದು ಪುಡಿಗಾಸು. ಹಿಂದಿನ ರಟ್ಟಿನ ಫೋಟೋ ತೆಗೆದು ನನಗೆ ಕಳಿಸಿ, ಮುಂದಿನ ಸರಣಿಗೆ ಹಾಕೋಣ.

#ಹಳೇಬೆಂಗಳೂರು #ವಾಲ್ವ್‌ರೇಡಿಯೋ #ಓಪನ್‌ಬ್ಯಾಫಲ್